ಸಂಘದ ಮಂದೆಯಲ್ಲಿ ಸಾವಿರದಿನ್ನೂರು ಬೆರಕೆ

ಧರ್ಮಪುರದ ಕುರಿಗಾರರ ಸಂಘದ ಕಾರ್ಯದರ್ಶಿ ಬೀರಪ್ಪನಿಗೆ ಐವತ್ತು ವರ್ಷದ ಬಾಳಿನಲ್ಲಿ ಜಂಬ ಬಂದದ್ದು ಎರಡೇ ಸಲ. ಮೊದಲನೆಯದು ಮದುವೆಯಾದಾಗ. ಅದು ಮೂರು ದಿನಕ್ಕೆ ಇಳಿಯಿತು, ಇಳಿಸಿದವಳು ಹೆಂಡತಿ ಕಾಳಕ್ಕ. ಎರಡನೆಯದು ೨೦೦೮ರಲ್ಲಿ, ಸಂಘಕ್ಕೆ ಕಂಪ್ಯೂಟರ್ ಬಂದಾಗ. ಇದನ್ನು ಇಳಿಸಲು ಮೂರು ದಿನ ಸಾಲಲಿಲ್ಲ, ಎರಡು ರಾಜ್ಯದ ಕುರಿ ಬೇಕಾದವು.

ಕಂಪ್ಯೂಟರ್ ಕೂರಿಸಿಕೊಟ್ಟವನು ಚಿತ್ರದುರ್ಗದ ಪ್ರದೀಪ. ಹೊಳಲ್ಕೆರೆ ರಸ್ತೆಯಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡವನು.

"ಇದ್ರಾಗೆ ಲಿನಕ್ಸ್ ಹಾಕೀನಿ ಸಾರ್. ದುಡ್ಡು ಕೊಡಂಗಿಲ್ಲ, ಜಗತ್ತಿನ ಜನ ಸೇರ್ಕಂಡು ಮಾಡಿ ಬಿಟ್ಟಿರೋದು. ಮ್ಯಾಲೆ ಮೂಲೆಯಾಗೆ ಕೆಂಪು ಚುಕ್ಕಿ ಬಂತು ಅಂದ್ರೆ ಅಪ್‌ಗ್ರೇಡ್ ಬಂದೈತೆ ಅಂತ. ಒತ್ರಿ, ಪಾಸ್‌ವರ್ಡ್ ಕೊಡ್ರಿ, ಸುಮ್ನೆ ಕುಂತ್ಕಳ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ಈ ಉಪದೇಶದಲ್ಲಿ ಬೀರಪ್ಪನ ಕಿವಿ 'ಪಾಸ್‌ವರ್ಡ್' ಅನ್ನುವವರೆಗೆ ತೆರೆದಿತ್ತು. ಆಮೇಲೆ ಮುಚ್ಚಿಕೊಂಡಿತು. ಇಡೀ ಹೋಬಳಿಯಲ್ಲಿ ತನ್ನೊಬ್ಬನಿಗೇ ಗೊತ್ತಿರುವ ಮಾತು ಒಂದಿದೆ, ಅದನ್ನು ಹೇಳದೆ ಆ ಯಂತ್ರ ಹೆಜ್ಜೆ ಎತ್ತಿಡುವುದಿಲ್ಲ ಅಂದರೆ ಸಾಮಾನ್ಯ ವಿಷಯವೇ? ಅಂದಿನಿಂದ ಅವನು ಪಾಸ್‌ವರ್ಡ್ ಒತ್ತುವಾಗ ಹೆಗಲ ಮೇಲಿನ ಟವಲು ಕೀಲಿಮಣೆಯ ಮೇಲೆ ಹರಡಿಕೊಂಡು, ಅದರ ಅಡಿಯಲ್ಲಿ ಬೆರಳಾಡಿಸತೊಡಗಿದ. ಟವಲಿನಡಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳುವ ದನದ ವ್ಯಾಪಾರದ ಪದ್ಧತಿ ಅದು. ಯಾರಾದರೂ ಗೃಹಪ್ರವೇಶಕ್ಕೆ ಕರೆದರೆ ಗಂಟಲು ಸರಿಮಾಡಿಕೊಂಡು "ಆಗಲ್ಲಪ್ಪ, ಅಪ್‌ಗ್ರೇಡ್ ಐತೆ" ಅನ್ನುತ್ತಿದ್ದ.

"ಮನೆ ಹಿತ್ಲಾಗಿನ ಬಾಗ್ಲು ಕಿತ್ತು ಎರಡು ವರ್ಷ ಆತು. ಅದಕ್ಕೆ ಯಾವಾಗ ಬರ್ತೈತೆ ಅಪ್‌ಗ್ರೇಡು?" ಎಂದು ಕಾಳಕ್ಕ ಕೇಳಿದಳು.

ನವೆಂಬರ್ ಕೊನೆಯಲ್ಲಿ ಹಿರಿಯೂರಿನ ಪಶುವೈದ್ಯೆ ಡಾಕ್ಟರ್ ಉಷಾರಾಣಿಯಿಂದ ಫೋನು ಬಂತು. ಗಡಿಯಾಚೆ ಆಂಧ್ರದ ಊರುಗಳಲ್ಲಿ ಕುರಿಗಳಿಗೆ ಹಿರೇಬೇನೆ ಕಾಣಿಸಿಕೊಂಡಿದೆ, ಬರುವ ಶನಿವಾರ ಧರ್ಮಪುರದಲ್ಲಿ ಲಸಿಕೆ ಹಾಕಬೇಕು. "ಹಿಂದಿನ ಎರಡು ಸಲ ನಿಮ್ಮೂರಲ್ಲಿ ಇನ್ನೂರು ಕುರಿಯೂ ಬರಲಿಲ್ಲ. ಈ ಸಲ ಮೂರು ಸಾವಿರ ಆಗದಿದ್ದರೆ ಲಸಿಕೆಯ ಪೆಟ್ಟಿಗೆ ಬೇರೆ ಹೋಬಳಿಗೆ ಹೋಗುತ್ತದೆ, ನಾನು ತಡೆಯೋಕಾಗಲ್ಲ. ಯಾರ ಮನೆಯಲ್ಲಿ ಎಷ್ಟು ಕುರಿ ಅಂತ ಪಟ್ಟಿ ಪ್ರಿಂಟ್ ತೆಗೆದು ಇಟ್ಟಿರಿ."

ಸಂಘದ ಅಧ್ಯಕ್ಷ ತಿಮ್ಮರಾಯಪ್ಪ ಎಪ್ಪತ್ತು ದಾಟಿದ ಹಳೇ ಕುರಿಗಾರ. ಹಿಂದೊಮ್ಮೆ ಹಿರೇಬೇನೆಗೆ ಒಂದೇ ವಾರದಲ್ಲಿ ತೊಂಬತ್ತು ಕುರಿ ಕಳೆದುಕೊಂಡು, ಖಾಲಿ ಹಟ್ಟಿಯ ಮುಂದೆ ಕೂತು ಅತ್ತವನು. ಅವನು ಬೀರಪ್ಪನನ್ನು ಕರೆಸಿ ಎರಡೇ ಮಾತು ಹೇಳಿದ. "ಪಟ್ಟಿ ನಿನ್ನ ಕಂಪ್ಯೂಟರ್‌ನಾಗೆ ಐತೆ. ಶನಿವಾರ ಕೈಕೊಟ್ಟಿ ಅಂದ್ರೆ ಪಾಸ್‌ವರ್ಡು ಜುಂಜಯ್ಯನ ಕೈಗೆ."

ಜುಂಜಯ್ಯ ಸಂಘದ ನಿರ್ದೇಶಕ. ಕಾರ್ಯದರ್ಶಿಯ ಕುರ್ಚಿಯನ್ನು ಎಂಟು ವರ್ಷದಿಂದ ದೂರ ಕುಳಿತು ನೋಡುತ್ತಿದ್ದವನು. ಆ ಮಾತು ಕೇಳಿ ಅವನು ಅಂದೇ ಒಂದು ಹೊಸ ಟವಲು ಕೊಂಡ.

ಬೀರಪ್ಪ ಭಾನುವಾರವೇ ಪಟ್ಟಿ ಮುಗಿಸಿದ. ಅರವತ್ತಮೂರು ಮನೆ, ಹೆಸರು, ತಲೆ ಎಣಿಕೆ. ಮುಗಿಸಿದವನು ಪ್ರಿಂಟು ತೆಗೆದು ಮನೆಗೆ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಶನಿವಾರ ಇನ್ನೂ ದೂರ ಇದೆ ಅಂದುಕೊಂಡು ಆ ಕೆಂಪು ಚುಕ್ಕಿಯ ಹಿಂದೆ ಏನಿದೆ ಎಂದು ಬಗೆಯಲು ಹೋದ. ಒಂದು ಕಿಟಕಿ ತೆರೆಯಿತು. ಅದರಲ್ಲಿ ಯಂತ್ರವನ್ನು ನಡೆಸುವ ತಂತ್ರಾಂಶದ ತುಂಡುಗಳ ಹೆಸರು, ಉದ್ದಕ್ಕೆ ಒಂದರ ಕೆಳಗೊಂದು. ಅಡಿಯಲ್ಲಿ ಲೆಕ್ಕ: ಸಾವಿರದಿನ್ನೂರಹದಿನಾಲ್ಕು ಪ್ಯಾಕೇಜು. ಒಂದೊಂದರ ಮೇಲೆ ಒತ್ತಿದರೂ ಅದನ್ನು ನೋಡಿಕೊಳ್ಳುವವನ ಹೆಸರು, ವಿಳಾಸ. ಯಾವುದೂ ನಮ್ಮ ಕಡೆಯ ಹೆಸರಲ್ಲ.

ಬೀರಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

ಯಾಕೆ ಅಂತ ಕೇಳುವವರು ಕುರಿ ಸಾಕಿದವರಲ್ಲ. ಬೇರೆಯವರ ಕುರಿ ದಾರಿತಪ್ಪಿ ಬಂದು ನಮ್ಮ ಮಂದೆಗೆ ಸೇರಿದರೆ ಅದಕ್ಕೆ ಬೆರಕೆ ಅನ್ನುತ್ತಾರೆ. ಬೆರಕೆಯನ್ನು ಗೊತ್ತಿದ್ದೂ ಇಟ್ಟುಕೊಂಡವನ ಹಟ್ಟಿ ಉದ್ಧಾರ ಆಗುವುದಿಲ್ಲ. ಯಜಮಾನನಿಗೆ ಸುದ್ದಿ ಮುಟ್ಟಿಸಬೇಕು, ತಮಟೆ ಹೊಡೆಸಬೇಕು, ಮೂರು ದಿನ ಕಾಯಬೇಕು. ಯಾರೂ ಬರದಿದ್ದರೆ ಮಂದೆಯಿಂದ ಬೇರೆ ಮಾಡಿ ಹೊರಗೆ ಬಿಡಬೇಕು. ಒಂದು ಕುರಿ ಬೆರೆತರೇ ಇಷ್ಟು ಪಾಡು. ಇಲ್ಲಿ ಸಾವಿರದಿನ್ನೂರು!

ಅವತ್ತೇ ಸಂಜೆ ಸಂಘದ ಜಗಲಿಯ ಮೇಲೆ ಪಂಚಾಯಿತಿ ಸೇರಿತು. ತಿಮ್ಮರಾಯಪ್ಪ ಕನ್ನಡಕ ಏರಿಸಿ ಪರದೆಯನ್ನು ದಿಟ್ಟಿಸಿದ.

"ಮೇಯ್ತವೇನ್ಲಾ?"

"ಕರೆಂಟು ತಿಂತವೆ ಅಜ್ಜ. ಜಾಗನೂ ಹಿಡಿದವೆ. ಇಲ್ಲಿ ನೋಡು, ಒಂದೊಂದರ ತೂಕನೂ ಬರ್ದವ್ರೆ."

ತೂಕ ಅಂದದ್ದೇ ಜುಂಜಯ್ಯ ಮುಂದೆ ಜರುಗಿದ. ಯಾವ ಊರಿನಲ್ಲಿ ಬೆರಕೆ ಸಿಕ್ಕರೂ ಅದು ತನ್ನದು ಅನ್ನುವವನು ಒಬ್ಬ ಇದ್ದೇ ಇರುತ್ತಾನೆ.

"ಅದ್ರಾಗೆ ಒಂದು ನಂದು" ಎಂದ.

"ಯಾವುದು?"

"ಎಲ್ಲಕ್ಕಿಂತ ದಪ್ಪಂದು."

"ಗುರುತೇನು?"

"ಎಡಗಿವಿ ಸೀಳೈತೆ."

ಬೀರಪ್ಪ ಬಗ್ಗಿ ಪ್ರಾಮಾಣಿಕವಾಗಿ ಹುಡುಕಿದ. "ಇದಕ್ಕೆ ಕಿವಿನೇ ಇಲ್ಲಪ್ಪ."

"ಹಂಗಾದ್ರೆ ನನ್ನ ಪ್ಯಾಕೇಜಿನ ಕಿವಿ ಕತ್ತರಿಸಿದೋರು ಯಾರು? ಮೊದ್ಲು ಅದನ್ನ ಹೇಳ್ಲಿ!"

ಈ ತಗಾದೆ ಬಗೆಹರಿಯಲು ಒಂದು ತಾಸು ಹಿಡಿಯಿತು. ಕೊನೆಗೆ ತಿಮ್ಮರಾಯಪ್ಪ ತೀರ್ಪು ಕೊಟ್ಟ: ಪದ್ಧತಿ ಪದ್ಧತಿಯೇ. ಯಜಮಾನರಿಗೆ ಕಾಗದ ಹೋಗಲಿ, ತಮಟೆ ಆಗಲಿ, ಗುರುವಾರದವರೆಗೆ ಕಾಯೋಣ.

ಸೋಮವಾರ ಬೀರಪ್ಪ ನಲವತ್ತೊಂದು ಯಜಮಾನರಿಗೆ ಇಮೇಲ್ ಬರೆದ. ಮೊದಲ ನಲವತ್ತೊಂದಕ್ಕೇ ಬೆರಳು ಸೋತವು. ಸಂಘದ ನೋಟೀಸಿನ ಇಂಗ್ಲಿಷಿನಲ್ಲಿ ಬರೆದ ಆ ಕಾಗದದ ಸಾರಾಂಶ ಹೀಗಿತ್ತು: "ಮಾನ್ಯರೇ, ತಮಗೆ ಸೇರಿದ ಒಂದು ತಲೆ ನಮ್ಮ ಮಂದೆಯಲ್ಲಿ ಬೆರೆತಿರುವುದು ಕಂಡುಬಂದಿದೆ. ಮೂರು ದಿನದೊಳಗೆ ಖುದ್ದಾಗಿ ಬಂದು ಗುರುತು ಹೇಳಿ ಕರೆದೊಯ್ಯತಕ್ಕದ್ದು. ಅಲ್ಲಿಯವರೆಗೆ ಚೆನ್ನಾಗಿ ನೋಡಿಕೊಳ್ಳಲಾಗುವುದು. ಬಸ್ಸು ಹಿರಿಯೂರಿನಿಂದ ಇದೆ."

ತಮಟೆಯ ಚಿತ್ತಪ್ಪನಿಗೆ ಪ್ಯಾಕೇಜುಗಳ ಹೆಸರು ಬರೆದುಕೊಟ್ಟರು. ಅವನು ಮೊದಲನೆಯದನ್ನು ಮೂರು ಸಲ ಓದಲು ನೋಡಿದ, ನಾಲಿಗೆ ಕಚ್ಚಿಕೊಂಡ, ಚೀಟಿ ಮಡಚಿ ಚಡ್ಡಿ ಜೇಬಿಗೆ ಹಾಕಿಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ತನಗೆ ತಿಳಿದಷ್ಟನ್ನು ಗಟ್ಟಿಯಾಗಿ ಸಾರಿದ: "ಕೇಳ್ರಪ್ಪೋ ಕೇಳ್ರಿ! ಸಂಘದಾಗೆ ಸಾವಿರದಿನ್ನೂರು ತಲೆ ಬೆರಕೆ ಸಿಕ್ಕವೆ! ವಾರಸುದಾರ್ರು ಬಂದು ಒಯ್ಯಬೇಕಂತಪ್ಪೋ!"

ಶೇಂಗಾ ಚೀಲದ ಮೇಲೆ ಕುಳಿತು ಬಸ್ಸು ಕಾಯುತ್ತಿದ್ದವರು ಇದನ್ನು ಕೇಳಿಸಿಕೊಂಡರು. ಬಸ್ಸುಗಳು ನಾಲ್ಕು ದಿಕ್ಕಿಗೂ ಹೊರಟವು.

ಗುರುವಾರದವರೆಗೆ ಫಿನ್‌ಲೆಂಡಿನಿಂದಾಗಲಿ ಜರ್ಮನಿಯಿಂದಾಗಲಿ ಯಾರೂ ಬಸ್ಸಿಳಿಯಲಿಲ್ಲ. ಮಧ್ಯಾಹ್ನ ಬೀರಪ್ಪ ಟವಲು ಹೊದಿಸಿ ಪಾಸ್‌ವರ್ಡ್ ಒತ್ತಿ ಬೆರಕೆ ಬಿಡಿಸಲು ಕುಳಿತ. ಇಸ್ಪೀಟು ಆಟ ಹೋಯಿತು, ಯಾವುದೋ ದೇಶದ ಅಕ್ಷರ ಹೋದವು, ಏನೂ ಆಗಲಿಲ್ಲ. ಧೈರ್ಯ ಬಂತು. ಆಗ ಕಣ್ಣಿಗೆ ಬಿತ್ತು ಲಿಬ್‌ಪಿಕ್ಸಾ ಎಂಬ ಒಂದು ಬಡಕಲು ಪ್ಯಾಕೇಜು. ಏನು ಕೆಲಸ ಮಾಡುತ್ತದೋ ಗೊತ್ತಿಲ್ಲ, ಯಜಮಾನ ಫಿನ್‌ಲೆಂಡಿನ ಪೆಕ್ಕಾ ಅನ್ನುವವನು, ಸೋಮವಾರ ಕಾಗದ ಹೋದವರಲ್ಲಿ ಒಬ್ಬ. ಒತ್ತಿದ್ದಕ್ಕೆ ಕಂಪ್ಯೂಟರ್ ಕೇಳಿತು: ಇದರ ಜೊತೆಗೆ ಇನ್ನೂ ನೂರಹನ್ನೆರಡು ಹೋಗುತ್ತವೆ, ಸಮ್ಮತವೇ?

"ನೋಡಜ್ಜ, ತಾಯಿಕುರಿ ಇದು. ಮರಿಗಳ್ನೂ ಕರ್ಕಂಡೇ ಹೋಗ್ತೈತಂತೆ" ಎಂದು ಬೀರಪ್ಪ ಕಣ್ಣೊರೆಸಿಕೊಂಡ.

"ತಾಯಿ ಮರಿ ಅಗಲಿಸಿದ ಪಾಪ ನಮಗ್ಯಾಕೆ? ಕಳಿಸು" ಎಂದ ತಿಮ್ಮರಾಯಪ್ಪ.

ಕಳಿಸಿದರು. ಎಲ್ಲರೂ ಕೈ ಮುಗಿದರು. ಪುಣ್ಯದ ಕೆಲಸ ಮುಗಿಯಿತೆಂದು ಬೀರಪ್ಪ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ.

ಪರದೆ ಕಪ್ಪಗೆ ಬಂತು. ಚಿತ್ರ ಇಲ್ಲ, ಕಿಟಕಿ ಇಲ್ಲ, ಬಾಣದ ಗುರುತಿಲ್ಲ. ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು, ಕೊಟ್ಟಿದ್ದಕ್ಕೆ ಒಂದು ಡಾಲರ್ ಗುರುತು ತೋರಿಸಿ ಅದರ ಪಕ್ಕ ಕಣ್ಣು ಮಿಟುಕಿಸುತ್ತಾ ನಿಂತುಬಿಟ್ಟಿತು.

"ಡಾಲರ್ ಕೇಳ್ತಾ ಐತೆ!" ಜುಂಜಯ್ಯ ಕೂಗಿದ. "ಯಜಮಾನ್ರು ಫಾರಿನ್ನೋರು ಅಂತ ಹೇಳ್ಲಿಲ್ವ? ನಾ ನನ್ನ ಪ್ಯಾಕೇಜು ಕೇಳಿದಾಗ್ಲೇ ಕೊಟ್ಟಿದ್ರೆ ಇದೆಲ್ಲ ಆಗ್ತಿತ್ತಾ?"

ಬೀರಪ್ಪನಿಗೆ ಆಗ ನೆನಪಾಯಿತು, ಪಟ್ಟಿಯೂ ಅದರೊಳಗೇ ಇದೆ. ಅರವತ್ತಮೂರು ಮನೆಯ ಕುರಿ, ಅದರಲ್ಲಿ ತನ್ನ ಎಂಬತ್ತೂ ಸೇರಿ. ಶನಿವಾರಕ್ಕೆ ಉಳಿದಿದ್ದು ಒಂದೇ ದಿನ. 

ಮನೆಯಲ್ಲಿ ಕಾಳಕ್ಕ ಎಲ್ಲ ಕೇಳಿ ಮುದ್ದೆ ಮುರಿಯುತ್ತಾ ಹೇಳಿದಳು, "ಆ ಹುಡುಗ ಏನ್ ಹೇಳಿದ್ದ? ಬ್ಯಾರೆ ಏನೂ ಮುಟ್ಟಬ್ಯಾಡ್ರಿ ಅಂತ ತಾನೆ? ಸಂಘದ ಪಕ್ಕದ ಅಡಿಗೆ ಮನೆಯಾಗಿದ್ದ ನನಗೇ ಕೇಳಿಸ್ತು. ಕಂಬಳಿ ತಗಾ, ಡಬ್ಬ ಸುತ್ತು, ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗು."

ಶುಕ್ರವಾರ ಬೆಳಿಗ್ಗೆ ಹಿರಿಯೂರು ಬಸ್ಸಿನಲ್ಲಿ ಬೀರಪ್ಪ ಕರಿಕಂಬಳಿಯಲ್ಲಿ ಸುತ್ತಿದ ಕಂಪ್ಯೂಟರ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಂಡಕ್ಟರ್ ಬಂದು ನಿಂತ.

"ಏನ್ರಿ ಒಳಗೆ? ಕುರಿಮರಿನಾ? ಅರ್ಧ ಟಿಕೆಟ್ ಆಗ್ತೈತೆ."

"ಅಲ್ಲ ಸ್ವಾಮಿ, ಕಂಪ್ಯೂಟ್ರು. ಹುಷಾರಿಲ್ಲ."

"ಹುಷಾರಿಲ್ವಾ? ಸೋಂಕಿನ ಪ್ರಾಣಿ ಬಸ್ಸಿನಾಗೆ ತರಂಗಿಲ್ಲ."

"ಪ್ರಾಣಿ ಅಲ್ಲ ಅಂದ್ನಲ್ಲಪ್ಪ! ನೂರಹನ್ನೆರಡು ಮರಿ ಹೋಗ್ಬಿಟ್ಟವೆ, ಈಗ ಇದೊಂದೇ ಉಳ್ದೈತೆ!"

ಕಂಡಕ್ಟರನ ಮುಖ ಬಾಡಿತು. ಪಕ್ಕದಲ್ಲಿದ್ದ ಹೆಂಗಸು ಚ್ಚುಚ್ಚು ಅಂದಳು. ಕಂಬಳಿಗೆ ಟಿಕೆಟ್ ಹರಿಯಲಿಲ್ಲ. ಹಿರಿಯೂರು ಬರುವವರೆಗೂ ಆ ಬಸ್ಸಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಚಿತ್ರದುರ್ಗದಲ್ಲಿ ಪ್ರದೀಪ ಕಥೆ ಕೇಳಿ ಮೊದಲು ನಕ್ಕ. ಆಮೇಲೆ ಬೀರಪ್ಪನ ಮುಖ ನೋಡಿ ನಗು ನಿಲ್ಲಿಸಿ ಚಹಾ ತರಿಸಿದ.

"ಸಾರ್, ಕಿಟಕಿಯಾಗೆ ಚಿತ್ರ, ಅಕ್ಷರ ಮೂಡ್ಸೋದೇ ಆ ಲಿಬ್‌ಪಿಕ್ಸಾ. ಅದನ್ನ ತೆಗದ್ರೆ ಅದರ ಮ್ಯಾಲೆ ನಿಂತಿದ್ದೆಲ್ಲ ಬಿದ್ದೋಗ್ತೈತೆ. ಆ ಪೆಕ್ಕಾ ಅನ್ನೋನ ಹೆಸರು ಬರ್ದಿರೋದು ನೀವು ವಾಪಸ್ ಕೊಡ್ಲಿ ಅಂತಲ್ಲ, ಕೆಟ್ಟೋದ್ರೆ ಕೇಳ್ರಿ ಅಂತ."

"ಪಟ್ಟಿ ಹೋತಾ?" ಬೀರಪ್ಪನಿಗೆ ಬೇಕಾಗಿದ್ದ ಉತ್ತರ ಅದೊಂದೇ.

"ಪಟ್ಟಿಗೇನಾಗೈತೆ, ಅದು ಡಬ್ಬದಾಗೆ ತನ್ನ ಮನೆಯಾಗೇ ಐತೆ. ಬೀದಿ ದೀಪ ಹೋಗಿದ್ದು ಅಷ್ಟೇ."

ಪ್ರದೀಪ ಒಂದು ಸಿ.ಡಿ. ಹಾಕಿ, ಅಪ್ಪಣೆಗಾಗಿ ಕಾಯುತ್ತಿದ್ದ ಆ ಡಾಲರ್ ಗುರುತಿನ ಮುಂದೆ ಒಂದೇ ಸಾಲು ಬರೆದು ಒತ್ತಿದ. ಹೋದ ತಾಯಿ ಮರಿಗಳೆಲ್ಲ ಸಾಲಾಗಿ ಒಳಗೆ ಬಂದವು. ಸಂಜೆಯ ಹೊತ್ತಿಗೆ ಪರದೆ ಬೆಳಗಿತು, ಪಟ್ಟಿ ಕಂಡಿತು. ಬೀರಪ್ಪ ಆ ಅಂಗಡಿಯಲ್ಲೇ ಪ್ರಿಂಟು ತೆಗೆಸಿ, ನಾಲ್ಕು ಮಡಿಕೆ ಮಾಡಿ, ಬನಿಯನ್ನಿನ ಒಳಗಿಟ್ಟುಕೊಂಡ. ಪ್ರದೀಪ ಹೇಳಿದ್ದನ್ನು ಊರಿನಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ನಿರ್ಧಾರ ಮಾಡಿಕೊಂಡ.

ವಾಪಸ್ ಬರುವ ಬಸ್ಸು ಧರ್ಮಪುರ ಹತ್ತಿರವಾದಂತೆ ಮೆಲ್ಲಗೆ ಹೋಗತೊಡಗಿತು. ರಸ್ತೆ ತುಂಬ ಕುರಿ. ಒಂದು ಮಂದೆ ದಾಟಿದರೆ ಮುಂದೆ ಇನ್ನೊಂದು, ಎಲ್ಲದರ ಮುಖವೂ ಒಂದೇ ಕಡೆಗೆ. ನಮ್ಮ ಕಡೆ ಮಳೆ ಆಗೈತೇನೋ, ಮೇವಿಗೆ ಹೊರಟವೆ ಅಂದುಕೊಂಡ ಬೀರಪ್ಪ. ಒಳ್ಳೆಯ ಮನುಷ್ಯ, ಪಾಪ.

ಮಳೆ ಬಂದಿರಲಿಲ್ಲ. ಶನಿವಾರ ಬೆಳಗಾಗುವಷ್ಟರಲ್ಲಿ ಸಂಘದ ಮುಂದಿನ ಬಯಲಲ್ಲಿ ಕಾಲಿಡಲು ಜಾಗ ಇರಲಿಲ್ಲ. ಚಿತ್ತಪ್ಪನ ತಮಟೆ ಬಸ್ಸು ಹತ್ತಿ, ಬಸ್ಸಿಳಿದು, ಅಡವಿ ದಾಟಿ, ಗಡಿಯಾಚೆಗೂ ಮುಟ್ಟಿತ್ತು. ಎಂದೋ ಒಂದು ಕುರಿ ಕಳೆದುಕೊಂಡವರೆಲ್ಲ ಎದ್ದು ಬಂದಿದ್ದರು. ಬರಿಗೈಲಿ ಬಂದಿರಲಿಲ್ಲ. ತಾಯಿಮಂದೆ ಕಂಡರೆ ಬೆರಕೆ ಕುರಿ ತಾನಾಗಿ ಓಡಿಬಂದು ಸೇರಿಕೊಳ್ಳುತ್ತದೆ, ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆದ್ದರಿಂದ ಪ್ರತಿಯೊಬ್ಬನೂ ತನ್ನ ಇಡೀ ಮಂದೆ ಹೊಡೆದುಕೊಂಡೇ ಬಂದಿದ್ದ.

ಮುಂದೆ ನಿಂತಿದ್ದವನು ಜಂಪಣ್ಣ, ಆಂಧ್ರದ ಕಡೆಯ ಆಳೆತ್ತರದ ಕುರಿಗಾರ. ಕೈಯಲ್ಲಿ ಅವನಷ್ಟೇ ಉದ್ದದ ಕೋಲು.

"ಎರಡು ದಿನ ನಡ್ಕಂಡು ಬಂದೀನಿ. ಯಾಡೈತೆ ನನ್ನ ಟಗರು?"

ಬೀರಪ್ಪ ಬನಿಯನ್ನಿನ ಒಳಗಿನ ಪಟ್ಟಿಯನ್ನು ತಡವಿಕೊಂಡ. ಜುಂಜಯ್ಯ ಹೊಸ ಟವಲು ಹೆಗಲಿಗೆ ಹಾಕಿಕೊಂಡು ಕುರ್ಚಿಯ ಪಕ್ಕಕ್ಕೆ ಬಂದು ನಿಂತ. ಅಷ್ಟರಲ್ಲಿ ಡಾಕ್ಟರ್ ಉಷಾರಾಣಿಯ ಜೀಪು ಬಯಲಿನ ಆ ತುದಿಯಲ್ಲಿ ನಿಂತಿತು, ಈಚೆಗೆ ಬರಲು ದಾರಿ ಇಲ್ಲದೆ. ಅವರು ಜೀಪಿನ ಮೆಟ್ಟಿಲ ಮೇಲೆ ನಿಂತು ಕುರಿಯ ಸಮುದ್ರವನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

ಆಗ ಮುಂದೆ ಬಂದವಳು ಕಾಳಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಂಪಣ್ಣನ ಕೋಲಿನ ಎದುರಿಗೇ ನಿಂತಳು.

"ಏನಣ್ಣ, ಕುರಿ ಸಾಕ್ದೋನೋ ಸುಮ್ನೆ ಕೋಲು ಹಿಡ್ದೋನೋ? ನಿಮ್ಮ ಕಡೆ ಹಿರೇಬೇನೆ ಬಂದೈತಂತೆ. ಸೂಜಿ ಹಾಕ್ಸದೆ ಬೆರಕೆ ಸೇರಿಸ್ಕಂಡು ಮಂದೆ ಪೂರ್ತಿ ಕಳ್ಕಳಕ್ಕೆ ಬಂದಿಯಾ? ಅಕಾ ನೋಡು, ಡಾಕ್ಟರಮ್ಮ ಬಂದವ್ರೆ. ಮೊದ್ಲು ಸೂಜಿ, ಆಮ್ಯಾಲೆ ಮಾತು. ನಿಂತ್ಕಳ್ರಿ ಸಾಲಾಗಿ!"

ಕುರಿಗಾರರು ಯಾರ ಮಾತನ್ನಾದರೂ ತಳ್ಳಿಹಾಕುತ್ತಾರೆ, ಬಾಗಿಲಿಗೆ ಬಂದ ಬೇನೆಯ ಹೆಸರನ್ನು ತಳ್ಳಿಹಾಕುವುದಿಲ್ಲ. ಸಾಲು ನಿಂತಿತು. ಅರವತ್ತಮೂರು ಮನೆಯ ಪಟ್ಟಿಗೆ ಮತ್ತೆ ಎಂಬತ್ತು ಹೆಸರು ಸೇರಬೇಕಾಯಿತು. ಬೀರಪ್ಪ ಟವಲನ್ನು ಮರೆತು ಎಲ್ಲರೆದುರೇ ಪಾಸ್‌ವರ್ಡ್ ಒತ್ತಿ, ಸಂಜೆಯವರೆಗೆ ತಲೆ ಎತ್ತದೆ ಹೆಸರು ಹೊಡೆದ. ಪೆಕ್ಕಾನ ಅಕ್ಷರಗಳು ಒಂದೂ ತಪ್ಪದೆ ಪರದೆಯ ಮೇಲೆ ಮೂಡುತ್ತಾ ಹೋದವು. ಕೊನೆಯ ಎಣಿಕೆ ಒಂಬತ್ತು ಸಾವಿರದ ನಾನೂರು. ಹಿರಿಯೂರಿನಿಂದ ಇನ್ನೆರಡು ಪೆಟ್ಟಿಗೆ ಲಸಿಕೆಯನ್ನೂ ಸೂಜಿ ಹಾಕುವ ಇನ್ನಷ್ಟು ಜನರನ್ನೂ ಕರೆಸಬೇಕಾಯಿತು. ತಿಮ್ಮರಾಯಪ್ಪ ತನ್ನ ಕುರಿಗಳಿಗೆ ಒಂದೊಂದಾಗಿ ಸೂಜಿ ಬೀಳುವುದನ್ನು ನೋಡುತ್ತಾ ನಿಂತಿದ್ದ.

"ಹತ್ತು ವರ್ಷದ ಸರ್ವಿಸಿನಲ್ಲಿ ಇಂಥ ಕ್ಯಾಂಪ್ ನೋಡಿಲ್ಲ. ಹೇಗೆ ಮಾಡಿದಿರಿ?" ಎಂದರು ಉಷಾರಾಣಿ.

"ಅಪ್‌ಗ್ರೇಡು ಮೇಡಂ" ಎಂದ ಬೀರಪ್ಪ, ನೆಲ ನೋಡುತ್ತಾ.

"ಸೂಜಿ ಆತು" ಜಂಪಣ್ಣ ಕೋಲು ಕುಟ್ಟಿದ. "ಈಗ ಟಗರು."

ಇನ್ನು ಬಚ್ಚಿಡಲು ಜಾಗವಿರಲಿಲ್ಲ. ಬೀರಪ್ಪ ಅವರನ್ನೆಲ್ಲ ಒಳಗೆ ಕರೆದು ಪರದೆ ತೋರಿಸಿ ಇದ್ದದ್ದು ಇದ್ದಂಗೆ ಹೇಳಿದ: ಇವೇ ಬೆರಕೆ, ಕುರಿ ಅಲ್ಲ, ಪ್ಯಾಕೇಜು, ತಾನು ಬಿಡಿಸಲು ಹೋಗಿ ಕೆಡಿಸಿದ್ದು. "ತಪ್ಪು ನಂದೇ. ಪಾಸ್‌ವರ್ಡು ಯಾರಿಗ್ಬೇಕೋ ಕೊಡ್ರಿ." ಯಾರೋ ನಕ್ಕರು. ಜಂಪಣ್ಣ ನಗಲಿಲ್ಲ. ಕೋಲು ಎತ್ತಿದನೋ ಇಳಿಸುತ್ತಿದ್ದನೋ ಹೇಳುವುದು ಕಷ್ಟ.

ಆಗ ಪರದೆಯಲ್ಲಿ ಒಂದು ಕಾಗದ ಬಂದಿರುವುದನ್ನು ಉಷಾರಾಣಿ ಕಂಡರು. ಫಿನ್‌ಲೆಂಡಿನಿಂದ, ಪೆಕ್ಕಾ ಬರೆದದ್ದು. ಅವರು ಅದನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದರು.

"ಬೀರಪ್ಪನವರೇ, ಹನ್ನೊಂದು ವರ್ಷದಿಂದ ಇದನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದೇನೆ, ಕೆಲಸ ಮುಗಿದ ಮೇಲೆ, ರಜದಲ್ಲಿ. ಕೆಟ್ಟಾಗ ಬೈದು ಬರೆದವರು ಬಹಳ ಜನ. ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಬರೆದವರು ನೀವೇ ಮೊದಲು. ಅದು ದಾರಿ ತಪ್ಪಿ ಬಂದದ್ದಲ್ಲ. ಯಾರಿಗೆ ಬೇಕೋ ಅವರಲ್ಲಿರಲಿ ಎಂದು ನಾನೇ ಬಿಟ್ಟದ್ದು. ನಿಮ್ಮಲ್ಲೇ ಇರಲಿ. ಅದು ಸೌಖ್ಯವೇ? ಇಲ್ಲಿ ಹಿಮ ಬೀಳುತ್ತಿದೆ."

ಹೊರಗೆ ಕುರಿ ಅರಚುತ್ತಿದ್ದವು. ಜಂಪಣ್ಣ ಕೋಲನ್ನು ಗೋಡೆಗೆ ಒರಗಿಸಿದ.

"ಹನ್ನೊಂದು ವರ್ಷ ಒಬ್ನೇನಾ?" ಎಂದ. "ಕೂಲಿ?"

"ಇಲ್ಲ" ಎಂದರು ಉಷಾರಾಣಿ.

"ಉಣ್ಣೆನಾರ ಸಿಗ್ತೈತಾ?"

"ಅದೂ ಇಲ್ಲ."

ತಿಮ್ಮರಾಯಪ್ಪ ಬೀರಪ್ಪನ ಹೆಗಲ ಮೇಲೆ ಕೈ ಇಟ್ಟ. "ಕುರ್ಚಿಯಾಗೆ ಕುಂತ್ಕಳಲೇ. ಪಾಸ್‌ವರ್ಡು ನಿನ್ಹತ್ರನೇ ಇರ್ಲಿ. ಬ್ಯಾರೆ ಏನೂ ಮುಟ್ಟಬ್ಯಾಡ." ಹೀಗೆಂದು ತನ್ನ ಮನೆಗೆ ಹೇಳಿಕಳಿಸಿದ. ಕೈಮಗ್ಗದ ಒಂದು ಹೊಸ ಕರಿಕಂಬಳಿ ಬಂತು.

ಸೋಮವಾರ ಧರ್ಮಪುರದ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರ್ ಮಾರುತೇಶ್ ವಿದೇಶದ ಪಾರ್ಸಲಿನ ಫಾರಂ ಹುಡುಕಲು ಅರ್ಧ ದಿನ ತೆಗೆದುಕೊಂಡ. ಅವನ ಸರ್ವಿಸಿನಲ್ಲಿ ಅದು ಮೊದಲನೆಯದು. ಕಂಬಳಿಯ ಗಂಟನ್ನು ತಿರುಗಿಸಿ ಮುರುಗಿಸಿ ನೋಡಿ, ಪೆಕ್ಕಾನ ಕಾಗದದಿಂದ ಇಳಿಸಿಕೊಂಡ ವಿಳಾಸವನ್ನು ತುಟಿ ಅಲ್ಲಾಡಿಸುತ್ತಾ ಓದಿ, ತಿಮ್ಮರಾಯಪ್ಪನನ್ನೂ ಬೀರಪ್ಪನನ್ನೂ ಅನುಮಾನದಿಂದ ನೋಡಿದ. ಅಷ್ಟರಲ್ಲಿ ಜುಂಜಯ್ಯ ಬಗಲಲ್ಲಿ ಹೊಸ ಟವಲಿನ ಗಂಟೊಂದನ್ನು ಹಿಡಿದು ಏದುಸಿರು ಬಿಡುತ್ತಾ ಒಳಗೆ ಬಂದು, "ನನ್ನ ದಪ್ಪ ಪ್ಯಾಕೇಜಿನೋನಿಗೂ ಒಂದು ಕಳಿಸ್ರಪ್ಪ, ವಿಳಾಸ ಬೀರಪ್ಪ ಕೊಡ್ತಾನೆ" ಎಂದ.

"ತಡೀರಿ, ಒಂದೊಂದೇ" ಎಂದ ಮಾರುತೇಶ್. "ಈ ಪೆಕ್ಕಾ ಅನ್ನೋನು ನಿಮಗೇನಾಗ್ಬೇಕು?"

ಬೀರಪ್ಪ ಉತ್ತರಕ್ಕೆ ತಡಕಾಡಿದ. ತಿಮ್ಮರಾಯಪ್ಪನಿಗೆ ತಡಕಾಡಬೇಕಾಗಲಿಲ್ಲ.

"ನಮ್ಮ ಕುರಿ ಕಾಯೋನಪ್ಪ" ಎಂದ. "ದೂರದಾಗೆ ಅವ್ನೆ. ಚಳಿಯಂತೆ."